ಒಂದು ತಂಬಿಗೆ ತುರ್ಕಾನಾ

ಆ ವರ್ಷ ಡಾರ್ಮ್‌ಸ್ಟಾಟ್‌ನ ನನ್ನ ಅಡುಗೆಮನೆಯ ಗೋಡೆಗೆ ಕೀನ್ಯಾದ ಭೂಪಟ ಅಂಟಿಸಿದ್ದೆ. ನೈರೋಬಿಯಿಂದ ಉತ್ತರಕ್ಕೆ ಎರಡು ದಿನದ ಜೀಪು ಪ್ರಯಾಣ. ದಾರಿಯುದ್ದಕ್ಕೂ ಮುಳ್ಳುಗಿಡ, ಮರಳು, ಬಿಸಿಗಾಳಿ. ಕೊನೆಗೆ ತುರ್ಕಾನಾ ಸರೋವರ. ಆಗ ಕಂಪ್ಯೂಟರಿನವರಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕಿ ಬಂದ ನಮ್ಮವರೆಲ್ಲ ಮೊದಲು ಪ್ಯಾರಿಸ್ ನೋಡುತ್ತಿದ್ದರು, ಸ್ವಿಸ್ ಹಿಮದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನನಗೆ ಆ ಮರುಭೂಮಿಯ ಕೆರೆಯೇ ಬೇಕಿತ್ತು. ಅದರ ದಂಡೆಯಲ್ಲಿ ಅಪ್ಪನನ್ನು ಹೂತಿದ್ದರು.

ಅಪ್ಪ ಮಲ್ಪೆಯಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದವರು. ನನಗೆ ಐದು ವರ್ಷವಿದ್ದಾಗ ಆ ಕೆರೆಯ ಮೀನಿನ ಕಾರ್ಖಾನೆಗೆ ಮೆಕ್ಯಾನಿಕ್ ಆಗಿ ಹೋದರು. ಮರುವರ್ಷ ಮಲೇರಿಯಾ ಬಂದು ಸತ್ತರು. ಸುಡಲು ಅಲ್ಲಿ ಸೌದೆ ಇರಲಿಲ್ಲವಂತೆ. ನೀರಿನಿಂದ ಐವತ್ತು ಹೆಜ್ಜೆ ದೂರದಲ್ಲಿ ಮಣ್ಣು ಮಾಡಿ ಮೇಲೆ ಕಲ್ಲು ಪೇರಿಸಿದ್ದೇವೆ ಎಂದು ಜತೆಗಾರರೊಬ್ಬರು ಬರೆದಿದ್ದರು. ಅಪ್ಪನ ಕಾಗದಗಳೆಲ್ಲ ಅಮ್ಮನಿಗೆ ಬಾಯಿಪಾಠ. ಅಲ್ಲಿಯ ನೀರು ಸೋಡಾಪುಡಿ ಕದಡಿದ ಹಾಗೆ, ಮುಟ್ಟಿದರೆ ಜಾರುತ್ತದೆ ಎಂದು ಅವಳು ತಾನೇ ಕಂಡವಳಂತೆ ಹೇಳುತ್ತಿದ್ದಳು.

ಅವಳಿಗೆ ಕ್ಯಾನ್ಸರ್ ಎಂದು ಗೊತ್ತಾದದ್ದು ನಾನು ಜರ್ಮನಿಗೆ ಬಂದ ಮೊದಲ ಚಳಿಗಾಲದಲ್ಲಿ. ಹೆಚ್ಚೆಂದರೆ ಒಂದು ವರ್ಷ ಎಂದಿದ್ದರು ಡಾಕ್ಟರು. ಫೋನಿನಲ್ಲಿ ಅಮ್ಮ ಅಳಲಿಲ್ಲ.

"ಕೊನೆಗೆ ನನ್ನ ಬಾಯಿಗೆ ಗಂಗೆ ಬಿಡ್ಬೇಡಿ ಆಯ್ತಾ? ಕಾಶಿಯಲ್ಲಿ ನನಗೆ ಯಾರಿದ್ದಾರೆ? ಆ ಕೆರೆಯ ನೀರು ಒಂದು ಚಮಚ ಸಾಕು. ನಿನಗೆ ಅಲ್ಲಿಂದ ಹತ್ತಿರ ಉಂಟಲ್ಲ."

ಹತ್ತಿರವೇನಲ್ಲ. ಆದರೂ ಹ್ಞೂಂ ಎಂದೆ. ಅಜ್ಜಿ ಸತ್ತಾಗ ಖಾಲಿಯಾಗಿದ್ದ ಗಂಗೆಯ ಪುಟ್ಟ ತಾಮ್ರದ ತಂಬಿಗೆ ಉಡುಪಿಯಿಂದ ಅಂಚೆಯಲ್ಲಿ ಬಂತು.

ಜನವರಿಯಲ್ಲಿ ಆಫೀಸಿನ ಗೋಡೆಗೆ ರಜೆಯ ಪಟ್ಟಿ ಹಾಕಿದರು. ಜರ್ಮನ್ನರು ಬಣ್ಣದ ಪೆನ್ನು ಹಿಡಿದು ಇಡೀ ವರ್ಷದ ರಜೆಯನ್ನು ಅಂದೇ ಗುರುತು ಹಾಕಿಕೊಂಡರು. ನಾನೂ ಪೆನ್ನು ತೆಗೆದೆ. ಪಕ್ಕದ ಮೇಜಿನ ಹುಬ್ಬಳ್ಳಿಯ ಗೆಳೆಯ ಕೈ ಹಿಡಿದ.

"ಹುಚ್ಚೇನಲೇ ನಿನಗ? ಬಂದು ಮೂರು ತಿಂಗಳಾತು, ಆಗಲೇ ಸೂಟಿ ಕೇಳ್ತಿ? ಖಾಲಿ ಬಿಡು. ಇಂವಾ ಕೆಲಸದ ಮನಷ್ಯಾ ಅಂತ ತಿಳೀತಾರ."

ನನಗೂ ಸರಿ ಎನಿಸಿತು. ಆಗ ಕಂಪನಿಗಳು ನಮ್ಮಂಥವರನ್ನು ಒಬ್ಬೊಬ್ಬರನ್ನಾಗಿ ಮನೆಗೆ ಕಳಿಸುತ್ತಿದ್ದವು. ಕೆಲಸ ಹೋದರೆ ಈ ದೇಶದಲ್ಲಿ ಇರುವುದೂ ಕಷ್ಟ. ಅಲ್ಲದೆ, ಕೇಳದೆ ಕಾದರೆ ದೊಡ್ಡವರು ತಾವಾಗಿಯೇ ಕೊಡುತ್ತಾರೆ ಎಂದಲ್ಲವೇ ನಾವು ಕಲಿತದ್ದು? ಪಟ್ಟಿಯಲ್ಲಿ ನನ್ನ ಬಿಳಿ ಸಾಲು ನೋಡಿ ಒಳಗೊಳಗೇ ಬೀಗುತ್ತಿದ್ದೆ. ಎಂಥ ಮೂರ್ಖ ನಾನು!

ಯೋಜನೆ ಮಾತ್ರ ನಿಲ್ಲಲಿಲ್ಲ. ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡೆ. ಜೀಪಿನಲ್ಲಿ ಎಷ್ಟು ಕ್ಯಾನ್ ಕುಡಿಯುವ ನೀರು ಹಿಡಿಯುತ್ತದೆ ಎಂದು ಕೂಡ ಬರೆದಿಟ್ಟೆ. ಕೆರೆಗೆ ಹೋಗುವ ದಾರಿಯ ಲೋದ್ವಾರ್ ಎಂಬ ಊರಿನ ವಸತಿಗೃಹದವರಿಗೆ ಇಮೇಲ್ ಮಾಡಿದೆ. ಮೂರು ವಾರದ ಮೇಲೆ ಉತ್ತರ ಬಂತು: ಬನ್ನಿ, ಆದರೆ ನೀವು ಹೇಳುವ ಕಡೆ ಕೆರೆ ಹಿಂದೆ ಸರಿದಿದೆ, ಕಾರ್ಖಾನೆ ಮರಳಿನಲ್ಲಿ ನಿಂತಿದೆ, ಅಲ್ಲಿಂದ ನೀರು ಕಣ್ಣಿಗೂ ಕಾಣುವುದಿಲ್ಲ. ಅದನ್ನು ಅಮ್ಮನಿಗೆ ಹೇಳಲಿಲ್ಲ.

ಜುಲೈಯಲ್ಲಿ, ಅಮ್ಮನ ಜತೆಗಿದ್ದ ಅಕ್ಕ ಫೋನ್ ಮಾಡಿ ತಡಮಾಡಬೇಡ ಎಂದಳು. ಮ್ಯಾನೇಜರ್ ಎದುರು ನಿಂತೆ. ಅವರು ಪಟ್ಟಿಯ ಮುಂದೆ ಕರೆದುಕೊಂಡು ಹೋದರು. ಆಗಸ್ಟಿನಲ್ಲೂ ಸೆಪ್ಟೆಂಬರಿನಲ್ಲೂ ಬಣ್ಣವೇ ಬಣ್ಣ, ಅರ್ಧ ತಂಡ ಊರಲ್ಲಿರುವುದಿಲ್ಲ.

"ಜನವರಿಯಲ್ಲಿ ಬರೆದಿದ್ದರೆ ಒಂದು ಮಾತೂ ಆಡದೆ ಕೊಡುತ್ತಿದ್ದೆ. ಅದು ನಿಮ್ಮ ಹಕ್ಕು. ಯಾಕೆ ಬರೆಯಲಿಲ್ಲ?" ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಅಮ್ಮ ಸಾಯುತ್ತಿದ್ದಾಳೆ ಎಂಬ ಮಾತು ನಾಲಿಗೆಯ ತುದಿಗೆ ಬಂತು, ಹೊರಗೆ ಬರಲಿಲ್ಲ. ಮನೆಯ ಕಷ್ಟ ಹೇಳಿ ಕೆಲಸ ತಪ್ಪಿಸುವವನು ಎನಿಸಿಕೊಳ್ಳಲು ಅಂಜಿದೆ. ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಅಕ್ಟೋಬರ್ ಮೂರನೆಯ ವಾರ ಎಂದು ಬರೆಸಿ ಬಂದೆ.

ಅಕ್ಟೋಬರ್ ಮೊದಲ ವಾರದಲ್ಲೇ ಅಕ್ಕನ ಫೋನು ಬಂತು. "ಆ ಕೆರೆಗೆಲ್ಲ ಹೋಗ್ತಾ ಕೂತ್ಕೊಳ್ಬೇಡ. ಸೀದ ಬಾ. ಅಮ್ಮ ದಿನಾ ಕೇಳ್ತಾಳೆ, ನೀರು ತಂದನಾ ಅಂತ."

ಈ ಸಲ ತಾಯಿಯ ವಿಷಯ ಹೇಳಿದೆ. ಮ್ಯಾನೇಜರ್ ಆ ನಿಮಿಷವೇ ಹೋಗಿ ಎಂದರು.

ಹೊರಡುವ ಬೆಳಿಗ್ಗೆ ಅಡುಗೆಮನೆಯ ನಲ್ಲಿ ತಿರುಗಿಸಿ ತಂಬಿಗೆ ತುಂಬಿದೆ. ಅಂಗಡಿಯಿಂದ ತಂದ ಸೋಡಾಪುಡಿ ಕದಡಿದೆ, ರುಚಿ ನೋಡಿದೆ, ಇನ್ನೊಂದು ಚಿಟಿಕೆ ಹಾಕಿದೆ. ಕೆಲಸಕ್ಕೆಂದು ಇಟ್ಟುಕೊಂಡಿದ್ದ ಸಾಲ್ಡರಿಂಗ್ ಐರನ್‌ನಿಂದ ಮುಚ್ಚಳಕ್ಕೆ ಬೆಸುಗೆ ಹಾಕಿದೆ. ಕಾಶಿಯ ಅಂಗಡಿಯವನಿಗಿಂತ ಚೊಕ್ಕವಾಗಿಯೇ ಕೂತಿತ್ತು.

ಉಡುಪಿಯ ಮನೆಯಲ್ಲಿ ಅಮ್ಮ ಹಾಸಿಗೆಯಲ್ಲಿ ಇಷ್ಟೇ ಇಷ್ಟಾಗಿದ್ದಳು. ತಂಬಿಗೆಯನ್ನು ಕೈಯಿಂದ ಸವರಿದಳು.

"ಹೋಗಿ ಬಂದ್ಯಾ ಮಗಾ?"

"ಹ್ಞೂಂ ಅಮ್ಮ."

"ನೀರು ಅವರಿಂದ ಎಷ್ಟು ದೂರ ಉಂಟು?"

"ಐವತ್ತು ಹೆಜ್ಜೆ."

ಬೆಸುಗೆ ಕಿತ್ತು ಒಂದು ಚಮಚ ಬಾಯಿಗೆ ಬಿಟ್ಟೆ. ಅವಳು ತುಂಬ ಹೊತ್ತು ನುಂಗಲಿಲ್ಲ.

"ಹೌದು," ಎಂದಳು, "ಅವರು ಬರೆದ ಹಾಗೇ ಉಂಟು."

ಇನ್ನೊಂದು ಚಮಚ ಎತ್ತಿದೆ. ನನ್ನ ಕೈ ತಡೆದಳು.

"ಎಲ್ಲ ನನಗೇ ಖಾಲಿ ಮಾಡ್ಬೇಡ. ಉಳಿದದ್ದು ಜೋಪಾನವಾಗಿ ಇಟ್ಕೋ. ನಿನಗೂ ಒಂದು ದಿನ ಬೇಕಾಗ್ತದೆ."

ಮೂರನೆಯ ದಿನ ಅವಳು ಹೋದಳು. ಮತ್ತೆ ಬೆಸುಗೆ ಹಾಕಿದ ತಂಬಿಗೆ ಡಾರ್ಮ್‌ಸ್ಟಾಟ್‌ನಲ್ಲಿದೆ, ಅದೇ ನಲ್ಲಿಯ ಮೇಲಿನ ಕಪಾಟಿನಲ್ಲಿ.