ಅಕ್ಕನ ಎಂಬತ್ತು ಪದ

ಹೊಳಲ್ಕೆರೆಯಲ್ಲಿ ಟೈಪಿಂಗ್ ಮೆಷಿನ್ನುಗಳ ಟಕಟಕ ಸದ್ದು ಬೀದಿಯವರೆಗೂ ಕೇಳುತ್ತಿದ್ದ ಕಾಲ ಅದು. ಟೈಪಿಂಗಿಗೆ ಎಲ್ಲರೂ ಸೇರುತ್ತಿದ್ದರು. ಶೀಘ್ರಲಿಪಿಗೆ, ಅಂದರೆ ಶಾರ್ಟ್‌ಹ್ಯಾಂಡಿಗೆ, ಧೈರ್ಯ ಮಾಡುವವರು ಕಡಿಮೆ. ನನ್ನ ಅಕ್ಕ ಶಾರದೆ ಮಾಡಿದಳು. ಕೋರ್ಟಿನಲ್ಲಿ ಸ್ಟೆನೊ ಆಗಬೇಕೆಂಬುದು ಅವಳ ಆಸೆ.

ಕಲಿಸುತ್ತಿದ್ದವರು ಚಿಕ್ಕಜಾಜೂರಿನ ಖಾದರ್ ಮಾಸ್ತರು. ಮೆಷಿನ್ ಎಣ್ಣೆ, ಹೆರೆದ ಪೆನ್ಸಿಲ್ಲುಗಳ ವಾಸನೆಯ ಆ ಕೋಣೆಯಲ್ಲಿ ಒಮ್ಮೆ ನನಗೂ ಗೆರೆ ಎಳೆದು ತೋರಿಸಿದ್ದರು. "ತೆಳ್ಳಗೆ ಎಳೆದ್ರೆ ಪ, ಅದನ್ನೇ ಒತ್ತಿ ಎಳೆದ್ರೆ ಬ. ಕೇಳಿದ ಕೂಡ್ಲೇ ಕೈ ಓಡ್ಬೇಕಮ್ಮ."

ಪರೀಕ್ಷೆಗೆ ತಿಂಗಳಿರುವಾಗ ಮಾಸ್ತರಿಗೆ ಟೈಫಾಯಿಡ್ ಬಂದು ತರಗತಿ ನಿಂತಿತು. ನನಗೆ ಬೇಸಿಗೆ ರಜೆ. ಆರನೇ ಕ್ಲಾಸು ಮುಗಿದಿತ್ತು. ಅಕ್ಕನಿಗೆ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಪರೀಕ್ಷೆಯಲ್ಲಿ ನಿಮಿಷಕ್ಕೆ ಎಂಬತ್ತು ಪದ ಓದುತ್ತಾರೆ, ಅಷ್ಟನ್ನೂ ಬರೆದುಕೊಳ್ಳಬೇಕು. ಹಾಳೆಯಲ್ಲಿ ಎಂಬತ್ತು ಪದಕ್ಕೊಂದು ಗೀಟು. ಅಪ್ಪನ ವಾಚು ನೋಡುತ್ತ ಗೀಟಿನಿಂದ ಗೀಟಿಗೆ ಸರಿಯಾಗಿ ಒಂದು ನಿಮಿಷದಲ್ಲಿ ಓದಬೇಕು. ಬರೆಯುವಾಗ ಒಂದು ಪದ ತಪ್ಪಿದರೂ ಅಕ್ಕ, "ಇನ್ನೊಂದ್ಸಲ ಓದೇ" ಎನ್ನುವಳು. ಹೊರಗೆ ಬೇವಿನ ಮರದಡಿ ಗೆಳತಿಯರು ಕುಂಟೆಬಿಲ್ಲೆಯ ಮನೆ ಬರೆದು ನನ್ನನ್ನು ಕೂಗುತ್ತಿದ್ದರು.

ಒಂದು ದಿನ ಬೇಕೆಂದೇ ನಿಧಾನವಾಗಿ ಓದಿದೆ.

"ಎಷ್ಟಾತೇ?"

"ಸರಿಯಾಗಿ ಒಂದು ನಿಮಿಷ" ಎಂದೆ. ಒಂದೂವರೆ ದಾಟಿತ್ತು.

"ಒಂದೂ ಬಿಟ್ಟಿಲ್ಲ ನೋಡೇ!" ಎಂದು ಅಕ್ಕ ನನ್ನ ಕೆನ್ನೆ ಹಿಂಡಿದಳು. ನಾನು ಆಟಕ್ಕೆ ಓಡಿದೆ. ಆಮೇಲೆ ಪ್ರತಿದಿನವೂ ಹಾಗೆಯೇ ಮಾಡಿದೆ.

ಪರೀಕ್ಷೆ ಚಿತ್ರದುರ್ಗದಲ್ಲಿ. ಅಪ್ಪನ ಜೊತೆ ನಾನೂ ಹೋಗಿದ್ದೆ. ಕಿಟಕಿಯಾಚೆ ಓದುವವರ ದನಿ ಶುರುವಾಯಿತು. ನಾನು ಮನೆಯಲ್ಲಿ ಓದುತ್ತಿದ್ದುದಕ್ಕಿಂತ ಅದು ಎಷ್ಟೋ ವೇಗವಾಗಿತ್ತು. ಹೊರಬಂದ ಅಕ್ಕನ ಮುಖದಲ್ಲಿ ರಕ್ತವಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಕೊಡಿಸಿದ ಮಂಡಕ್ಕಿ ಒಗ್ಗರಣೆಯನ್ನು ಅವಳು ಮುಟ್ಟಲಿಲ್ಲ. "ಕೈಯೇ ಓಡ್ಲಿಲ್ಲಪ್ಪಾ" ಎಂದಷ್ಟೇ ಹೇಳಿದಳು.

ಫಲಿತಾಂಶ ಬಂದಾಗ ಮಾಸ್ತರು ಮನೆಗೇ ಬಂದರು. "ಆರು ತಿಂಗಳಿಗೆ ಮತ್ತೆ ಕಟ್ಟಮ್ಮ. ನಿನ್ ಕೈ ಚೆನ್ನಾಗೈತೆ."

"ಬ್ಯಾಡ ಸಾರ್. ನಂಗಿದು ಬರಲ್ಲ."

ನಾನು ಬಾಗಿಲ ಹಿಂದೆ ನಿಂತಿದ್ದೆ. ಒಂದೇ ಮಾತು ಸಾಕಿತ್ತು. ಅಪ್ಪನ ಹೆದರಿಕೆಗೆ ಬಾಯಿ ಬಿಡಲಿಲ್ಲ. ಮಾಸ್ತರು ಟೀ ಕುಡಿದು ಹೋದರು.

ಈಗ ಊರಿನಲ್ಲಿ ಆ ಮೆಷಿನ್ನುಗಳೂ ಇಲ್ಲ, ಮಾಸ್ತರೂ ಇಲ್ಲ. ಅಕ್ಕ ಹೊಸದುರ್ಗದಲ್ಲಿದ್ದಾಳೆ. ಹೋದ ವರ್ಷ ಅವಳ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಎಲ್ಲವನ್ನೂ ಹೇಳಿಬಿಟ್ಟೆ. ಅವಳ ಕೈ ನಿಂತಿತು.

"ಅವಾಗ್ಲೇ ಹೇಳಿದ್ರೆ ಇನ್ನೊಂದ್ಸಲ ಕುಂತ್ಕಂತಿದ್ದೆ ಕಣೇ. ಇಷ್ಟು ವರ್ಷ ನಂಗೆ ಬುದ್ಧಿನೇ ಸಾಲ್ದು ಅಂತ ತಿಳ್ಕಂಡಿದ್ದೆ."

ಅವಳ ಮಕ್ಕಳು ಪಾಠದಲ್ಲಿ ಏನಾದರೂ ಕೇಳಲು ಬಂದಾಗಲೆಲ್ಲ, "ನಂಗೇನು ತಿಳೀತೈತೆ, ಚಿಕ್ಕಮ್ಮನ್ನ ಕೇಳ್ರಿ" ಎಂದು ಅವಳು ನನ್ನ ಕಡೆಗೆ ಕಳಿಸುತ್ತಿದ್ದಳು. ನಾನು ಅದನ್ನು ಅವಳ ವಿನಯ ಅಂದುಕೊಂಡಿದ್ದೆ.