ಕಿವಿ ಇದ್ದ ಜಾಗ

ನಮ್ಮ ಮನೆಯ ಹಾಲ್‌ನಲ್ಲಿ ಸ್ಪೀಕರಿನಿಂದ ಅಡುಗೆಮನೆ ಬಾಗಿಲಿಗೆ ಏಳು ಹೆಜ್ಜೆ. ಅವತ್ತಿನಿಂದ ಎಷ್ಟೋ ಸಲ ನಡೆದು ನೋಡಿದ್ದೇನೆ.

ಮಂಡ್ಯದ ಈ ಮನೆಯಲ್ಲಿ ಅವತ್ತು ಎರಡು ಡ್ಯಾಕ್‌ಗಳಿದ್ದವು. ಲ್ಯಾಪ್‌ಟಾಪಿನೊಳಗಿನ ಅಂಕೆಗಳನ್ನು ಸಂಗೀತ ಮಾಡಿ ಆಂಪ್ಲಿಫೈಯರಿಗೆ ಕೊಡುವ ದುಬಾರಿ ಪೆಟ್ಟಿಗೆಗಳು. ಒಂದು ನನ್ನದು, ತಿರುಗಿಸುವ ವಾಲ್ಯೂಮ್ ಗುಂಡಿಯದು. ಇನ್ನೊಂದು ಕೇಳಿ ನೋಡಿ ಕೊಳ್ಳೋಣವೆಂದು ತರಿಸಿದ್ದು. ಅದಕ್ಕೆ ಗುಂಡಿಯಿಲ್ಲ, ರಿಮೋಟ್ ಒತ್ತಿದರೆ ಪರದೆಯಲ್ಲಿ ಅಂಕಿ ಇಳಿಯುತ್ತದೆ. ಹಾಗೆ ಲೆಕ್ಕದಲ್ಲೇ ಸದ್ದು ಇಳಿಸಿದರೆ ಸಂಗೀತದ ನಯ ಹೋಗುತ್ತದೆ ಎಂದು ಓದಿದ್ದೆ. ಯುಪಿಎಸ್‌ನಿಂದ ಸದ್ದು ಕೆಡುತ್ತದೆ ಎಂದೂ ಓದಿ, ಅದನ್ನು ಅಟ್ಟಕ್ಕೆ ಹಾಕಿದ್ದೆ.

ತೀರ್ಪು ಹೇಳಲು ಶಾಲೆಯ ಗೆಳೆಯನನ್ನು ಕರೆದೆ. ಮದ್ದೂರಿನಲ್ಲಿ ಪಂಪ್‌ಸೆಟ್ ಮೋಟಾರ್ ರಿಪೇರಿ ಅವನ ಕೆಲಸ, ಅವರಪ್ಪನದೂ ಅದೇ ಆಗಿತ್ತು. ಉದ್ದನೆ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟಾರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಒಳಗೆ ಏನು ಕೆಟ್ಟಿದೆಯೆಂದು ಹೇಳುತ್ತಾನೆ. ಅವನ ಮನೆ ನಡೆಯುವುದು ಆ ಕಿವಿಯಿಂದ. ನಮ್ಮನೆಗೂ ಸ್ಕ್ರೂಡ್ರೈವರ್ ತಂದಿದ್ದ.

“ಇದು ಮೋಟಾರಲ್ಲ ಕಣ್ಲಾ, ಸೀದಾ ಕಿವಿ ಇಡು” ಎಂದವನು ನಾನು.

ಮಂಡಿಯೂರಿ ಸ್ಪೀಕರಿಗೆ ಕಿವಿ ತಾಗುವಷ್ಟು ಬಗ್ಗಿದ. ಸಣ್ಣ ಸದ್ದಿನಲ್ಲಿ ನಾಗಸ್ವರ ಹಾಕಿದೆ. ಮೊದಲು ನನ್ನ ಪೆಟ್ಟಿಗೆಯಲ್ಲಿ, ಆಮೇಲೆ ಹೊಸದರಲ್ಲಿ.

“ಎರಡೂ ಒಂದೇಯ.”

“ಸರಿಯಾಗಿ ಕೇಳ್ಲಾ.”

“ಕೇಳ್ತಾನೇ ಇವ್ನಿ. ಒಂದೇಯ.”

ಅಷ್ಟರಲ್ಲಿ ಕರೆಂಟು ಹೋಯಿತು. ಅವನು ಕಿವಿ ತೆಗೆಯಲಿಲ್ಲ.

“ಈಗ ಚೆಂದಾಗದೆ. ಇದುನ್ನೇ ತಕೊ.”

ನಾನು ನಕ್ಕೆ. ಆಂಪ್ಲಿಫೈಯರಿನ ಸ್ವಿಚ್ಚು ನನ್ನ ಮೊಣಕಾಲಿನ ಪಕ್ಕದಲ್ಲೇ ಇತ್ತು. ಆರಿಸಲಿಲ್ಲ.

“ಟೀ ಆರೋಯ್ತದೆ, ಬಾ ಮಗ” ಎಂದು ಅಡುಗೆಮನೆಯಿಂದ ಅಮ್ಮ ಅವನನ್ನು ಕರೆದರು.

“ಬಂದೆ ಕಣವ್ವ.”

ಎದ್ದ. ಬಾಗಿಲು ತಲುಪಿದ. ಕರೆಂಟು ಬಂತು.

ಗುಂಡಿಯಾಗಿದ್ದರೆ ಇಟ್ಟಲ್ಲೇ ಇರುತ್ತಿತ್ತು. ಹೊಸ ಪೆಟ್ಟಿಗೆಗೆ ಕರೆಂಟು ಹೋಗಿ ಬಂದರೆ ಹಿಂದಿನದು ನೆನಪಿರುವುದಿಲ್ಲ, ಪೂರ್ತಿ ವಾಲ್ಯೂಮಿನಲ್ಲಿ ಎದ್ದೇಳುತ್ತದೆ. ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ನಾಗಸ್ವರ ನುಡಿಸುತ್ತಲೇ ಇತ್ತು. ಅಮ್ಮನ ಕೈಯಿಂದ ಲೋಟ ಬಿತ್ತು. ಗೆಳೆಯ ಕಿವಿ ಇಟ್ಟಿದ್ದ ಜಾಗದ ಸಣ್ಣ ಸ್ಪೀಕರ್ ಸುಟ್ಟುಹೋಯಿತು. ನಾನು ಓದಿದ ಯಾವ ವಿಮರ್ಶೆಯಲ್ಲೂ ಇದಿರಲಿಲ್ಲ. ಬರೆದವರ ಊರುಗಳಲ್ಲಿ ಕರೆಂಟು ಹೋಗುವುದಿಲ್ಲವೇನೋ.

“ಕಿವಿ ಗುಂಯ್ ಅಂತದೆ” ಎಂದ ಗೆಳೆಯ. ಉಳಿದಿದ್ದ ಟೀ ಕುಡಿದು ಹೊರಟ.

ಮರುದಿನ ಬೆಳಿಗ್ಗೆ, ಹೇಳದೆ, ಮದ್ದೂರಿಗೆ ಹೋದೆ. ಹಲಗೂರು ಕಡೆಯ ರೈತರೊಬ್ಬರು ಮೋಟಾರ್ ತಂದಿದ್ದರು. ಅವನು ಅದನ್ನು ಓಡಿಸಿ, ಸ್ಕ್ರೂಡ್ರೈವರ್ ಒತ್ತಿ, ಕಣ್ಣು ಮುಚ್ಚಿದ. ಎಂದಿಗಿಂತ ಹೆಚ್ಚು ಹೊತ್ತು ಮುಚ್ಚಿದ ಎಂದು ನನಗನ್ನಿಸಿತು.

“ಬೇರಿಂಗ್ ಓಗದೆ.”

“ಗ್ಯಾರಂಟಿನಾ?” ಕೇಳಿದ್ದು ರೈತರಲ್ಲ, ನಾನು.

“ನಿನ್ ಡಬ್ಬ ಅಲ್ಲ ಕಣ್ಲಾ ಇದು.”

ಬಿಚ್ಚಿದಾಗ ಬೇರಿಂಗ್ ಹೋಗಿತ್ತು. ಇನ್ನೂ ಎರಡು ಮೋಟಾರ್ ಬಿಚ್ಚುವವರೆಗೆ ನಾನು ಅಲ್ಲೇ ಕೂತಿದ್ದೆ.