ಧೋತರ ಒದ್ದೆಯಾಯಿತು, ಗಾಡಿ ಶುರುವಾಯಿತು

ಗಾಡಿ ಶುರುವಾಯಿತು! ನನ್ನ ಮೊಮ್ಮಗಳು ರೇಣುಕಾ ಶುರು ಮಾಡಿದಳು! ಬನಶಂಕರಿ ತಾಯಿಯ ಭಕ್ತರೆಲ್ಲರಿಗೂ ಈ ಸುದ್ದಿ ಮೊದಲು ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ. ನಾನು ಹೆಚ್ಚು ಓದಿದವನಲ್ಲ, ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ನಾವು ಬಾಗಲಕೋಟೆ ಕಡೆಯವರು, ಮನೆ ನಾಸಿಕದ ಪಂಚವಟಿಯಲ್ಲಿ. ಹಿರಿಯ ಮಗ ಪ್ರಕಾಶ ಯಾತ್ರಿಕರಿಗೆ ಕಾರು ಓಡಿಸುತ್ತಾನೆ. ಕಿರಿಯವ ಮಹೇಶ ಹೋಟೆಲಿನಲ್ಲಿ ಅಡುಗೆ ಮಾಡುತ್ತಾನೆ. ಅವನ ಮಗಳೇ ರೇಣುಕಾ, ಐಟಿಐನಲ್ಲಿ ಗಾಡಿಗಳ ವೈರಿಂಗ್ ಕಲಿಯುತ್ತಾಳೆ. ಕಾರಿನ ಹಿಂದಿನ ದೀಪ ಕೆಟ್ಟಾಗ ಅವಳೇ ರಿಪೇರಿ ಮಾಡಿದ್ದಳು. ಅದೇ ವಾರ ಯಾತ್ರಿಕರನ್ನು ಕೂರಿಸಿಕೊಂಡು ಸಂಭಾಜಿನಗರಕ್ಕೆ ಹೊರಟ ಗಾಡಿ ದಾರಿಯಲ್ಲಿ ವಾಳೂಜ್ ಎಂಬ ಊರಿನ ಹತ್ತಿರ ನಿಂತುಬಿಟ್ಟಿತು. ಯಾತ್ರಿಕರು ನಡುಬಿಸಿಲಲ್ಲಿ ಪ್ರಕಾಶನ ಮರ್ಯಾದೆ ತೆಗೆದು ಬಸ್ಸು ಹತ್ತಿದರು. ಅಲ್ಲಿಯ ಗ್ಯಾರೇಜಿನವನು ಬಾನೆಟ್ ಎತ್ತಿ ನೋಡಿ, ಪೆಟ್ರೋಲ್ ಟಾಂಕಿಯ ಪಂಪು ತಿರುಗುತ್ತಿಲ್ಲ, ಯಾರೋ ವೈರಿಂಗಿಗೆ ಕೈ ಹಾಕಿದ್ದಾರೆ ಎಂದನಂತೆ.

ಗಾಡಿ ಎಳೆಸಿಕೊಂಡು ಬಂದ ಪ್ರಕಾಶ ಬಾಗಿಲಲ್ಲೇ ಕೂಗಿದ. "ಎಲ್ಲಿದ್ದಾಳ್ರೀ ನಿಮ್ಮ ಇಂಜಿನಿಯರ್ ಬಾಯಿ? ನನ್ನ ಗಾಡಿ ಸುಟ್ಟು ಕುಂತಾಳ!"

ರೇಣುಕಾ ಹೋಗಿ ಫ್ಯೂಸು ನೋಡಿದಳು, ಚೆನ್ನಾಗಿತ್ತು. ಕರೆಂಟ್ ಹಾಯಿಸುವ ರಿಲೇ ಕೆಟ್ಟಿದೆಯೇನೋ ಎಂದು ಹಾರ್ನಿನ ರಿಲೇ ಕಿತ್ತು ಪಂಪಿನ ರಿಲೇ ಜಾಗಕ್ಕೆ ಹಾಕಿ ಕೀಲಿ ತಿರುಗಿಸಿದಳು. ಹಿಂದಿನ ಸೀಟಿನ ಕೆಳಗಿನಿಂದ ಪಂಪು ಗುಂಯ್ ಅನ್ನಬೇಕಂತೆ. ಅನ್ನಲಿಲ್ಲ. ಕರೆಂಟ್ ಇದೆಯೋ ಇಲ್ಲವೋ ನೋಡುವ ಟೆಸ್ಟ್ ಲ್ಯಾಂಪ್ ಹಿಡಿದು ಹಿಂದಕ್ಕೆ ಹೋಗುವಷ್ಟರಲ್ಲಿ ಪ್ರಕಾಶ ಅದನ್ನು ಕಸಿದುಕೊಂಡ.

"ಇನ್ನೊಮ್ಮೆ ಮುಟ್ಟಿದೆಂದ್ರ ಕೈ ಮುರಿತೀನಿ!"

"ನನ್ನ ಮಗಳ ಕೈ ಮುರಿಯಾಂವ ಯಾವನಲೇ?" ಎಂದು ಮಹೇಶ ಜಿಗಿದ.

ಅಣ್ಣತಮ್ಮಂದಿರು ಓಣಿಯಲ್ಲಿ ಕಾಲರ್ ಹಿಡಿದರು. ರಿಕ್ಷಾದವರು ನಿಂತು ನೋಡಿದರು. ಹಿರಿಯ ಸೊಸೆ ಬೇರೆ ಅಡುಗೆ ಹೂಡುತ್ತೇನೆಂದು ಗ್ಯಾಸಿನ ಒಲೆ ಎತ್ತಿಕೊಂಡು ಮಾಳಿಗೆಗೆ ಹೋದಳು. ಮಹೇಶ ಸಿಟ್ಟನ್ನೆಲ್ಲ ಮಗಳ ಮೇಲೆ ತೀರಿಸಿಕೊಂಡ. "ನಾಳಿಂದ ನಿನ್ನ ಐಟಿಐ ಬಂದ್!"

ನಾನು ಹೋಗಿ ಆ ಸತ್ತ ಗಾಡಿಯ ಹಿಂದಿನ ಸೀಟಿನಲ್ಲಿ ಕುಳಿತು ಬಾಗಿಲು ಹಾಕಿಕೊಂಡೆ. ಮುಂದೆ ತಾಯಿಯ ಪಟ ಇತ್ತು. ಅಂದು ಕೈ ಮುಗಿಯಲಿಲ್ಲ, ಬೈದೆ. "ಸುಮ್ಮನ ನೋಡ್ಕೋತ ಕುಂತೀಯಲ್ಲ ತಾಯಿ, ಮನಿ ಒಡೀಲಿ ಅಂತನ? ಗಾಡಿ ಹಾಳಾಗಿ ಹೋಗ್ಲಿ. ನನ್ನ ಮಕ್ಕಳು ಒಂದ ಪಂಕ್ತ್ಯಾಗ ಕುಂತು ಉಣ್ಣಂಗ ಮಾಡು." ಅತ್ತು ಸಾಕಾಗಿ ಕೆಳಗಿಳಿದೆ.

ಪ್ರಕಾಶ ನನ್ನ ಧೋತರದ ಹಿಂಭಾಗ ನೋಡಿ ಕೆಟ್ಟ ನಗೆ ನಕ್ಕ. "ನೋಡ್ರಿ, ಅಪ್ಪನ ಟಾಂಕೀನೂ ಲೀಕ್ ಆಗಾಕತ್ತೈತಿ!"

ಮುಟ್ಟಿ ನೋಡಿಕೊಂಡೆ, ತೊಯ್ದಿತ್ತು. "ಇದು ನಂದಲ್ಲಲೇ ಮಗನ, ನಿನ್ನ ಸೀಟಿಂದು! ಬಂದು ಮೂಸಿ ನೋಡು!"

ಅವನ ನಗು ನಿಂತಿತು. ಆ ಸೀಟಿನ ಹಿಂದಿನ ಹಲಗೆಯ ಮೇಲೆ, ಯಾರ ಕಾಲೂ ತಾಗದ ಹಾಗೆ, ಗೋದಾವರಿ ತೀರ್ಥದ ಕ್ಯಾನು ಇರುತ್ತದೆ. ಪ್ರತಿ ಸಲ ಹೊರಡುವ ಮೊದಲು ಪ್ರಕಾಶ ಚಕ್ರಗಳಿಗೆ ಅದನ್ನೇ ಚಿಮುಕಿಸುವುದು. ತೀರ್ಥ ತುಳುಕೀತು ಎಂದು ಆ ಸೀಟು ಎತ್ತಲು ಯಾರಿಗೂ ಬಿಡುವವನಲ್ಲ, ವಾಳೂಜಿನವನಿಗೂ ಬಿಟ್ಟಿರಲಿಲ್ಲ. ಕ್ಯಾನಿನ ತಳ ಸೀಳಿ ಎಂದಿನಿಂದ ಒಳಗೆ ಜಿನುಗಿತ್ತೋ! ಎಳೆದು ತರುವಾಗ ಕುಲುಕಾಡಿ ಸೀಟೂ ನೆನೆದಿತ್ತು.

ಕ್ಯಾನನ್ನು ತಲೆಯ ಮೇಲಿಟ್ಟುಕೊಂಡು ದೇವರ ಮನೆಯಲ್ಲಿ ಇಳಿಸಿ ಬಂದೆ. "ಈಗ ಎತ್ತು ಸೀಟು, ನನ್ನವ್ವಾ" ಎಂದು ರೇಣುಕಾಗೆ ಹೇಳಿದೆ. ಪ್ರಕಾಶ ಲ್ಯಾಂಪನ್ನು ಅವಳ ಕೈಗೆ ಕೊಟ್ಟು ಆಚೆ ಮುಖ ಮಾಡಿದ.

ಸೀಟಿನ ಕೆಳಗೆ ಗಾಡಿಯ ಮೈಗೆ ಬೋಲ್ಟು ಹಾಕಿದ್ದ ತಂತಿ ಹಸಿರು ಪಾಚಿ ಹಿಡಿದಂತಿತ್ತು. ಪಂಪಿನ ವೈರಿಗೆ ಲ್ಯಾಂಪ್ ತಾಗಿಸಿದಳು, ಉರಿಯಿತು. "ಪಂಪಿಗೆ ಕರೆಂಟ್ ಬರಾಕತ್ತೈತಿ ಅಜ್ಜಾ, ವಾಪಸ್ ಹೋಗಾಕ ದಾರಿ ಇಲ್ಲ. ಅರ್ಥಿಂಗ್ ಕೊಳ್ತು ಹೋಗೈತಿ" ಎಂದಳು. ಉಪ್ಪುಕಾಗದದಿಂದ ತಿಕ್ಕಿ, ಬೋಲ್ಟು ಬಿಗಿದು, ಕೀಲಿ ತಿರುಗಿಸಿದಳು.

ಗುಂಯ್! ಅದರ ಹಿಂದೆಯೇ ಇಂಜಿನ್ನೂ ಎದ್ದಿತು. ನಾನು ಓಣಿಯಲ್ಲೇ ಅಡ್ಡಬಿದ್ದೆ.

ತೀರ್ಥವೇ ಗಾಡಿ ಕೆಡಿಸಿತಲ್ಲ ಎಂದು ಕೆಲವರು ಅಂದರು. ಅನ್ನಲಿ. ಬೈದ ಮುದುಕನನ್ನು ಹತ್ತು ಮಂದಿಯ ಮುಂದೆ ನಗೆಗೀಡು ಮಾಡಿ ತಾಯಿ ನನ್ನ ಮನೆ ಉಳಿಸಿದಳು. ಇನ್ನು ಅವಳನ್ನು ಬಿಟ್ಟರುಂಟೇ?

ಅಂದು ಸಂಜೆ ಮಾಳಿಗೆಯ ಒಲೆ ಕೆಳಗಿಳಿಯಿತು. ರೊಟ್ಟಿ, ಎಣ್ಣೆಗಾಯಿ, ಎಲ್ಲರೂ ಒಂದೇ ಪಂಕ್ತಿ. ಪ್ರಕಾಶ ತಪ್ಪಾಯಿತು ಅನ್ನಲಿಲ್ಲ. ತನ್ನ ತಾಟಿನ ತುಪ್ಪದ ರೊಟ್ಟಿ ಎತ್ತಿ ರೇಣುಕಾಳ ತಾಟಿಗಿಟ್ಟ.

"ಉಣ್ಣ, ಮಿಸ್ತ್ರೀ. ನಾಳೆ ಐಟಿಐಗೆ ನಾನ ಬಿಡ್ತೀನಿ."

"ಕ್ಯಾನ್ ಮನ್ಯಾಗ ಇಟ್ರ ಮಾತ್ರ ಬರ್ತೀನ್ರಿ, ದೊಡ್ಡಪ್ಪಾ."

ಮೊದಲು ನಕ್ಕವನು ಮಹೇಶ. ನನ್ನ ಹೆಂಡತಿ ಕಣ್ಣೊರೆಸಿಕೊಂಡು ಎಲ್ಲರಿಗೂ ಇನ್ನೊಂದೊಂದು ರೊಟ್ಟಿ ಹಾಕಿದಳು.